ಮೇಷ್ಟರಿಗೂ ಒಬ್ಬ ಮೇಷ್ಟರು ಬೇಕೆ?



ಈ ಸಂಚಿಕೆಗೆ ನಮ್ಮ ವೃತ್ತಿಗೆ ಸಂಬಂಧಪಟ್ಟ ಏನನ್ನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದ್ದರು. ರಸಾಯನ ಶಾಸ್ತ್ರದ ಬಗ್ಗೆ ಬರೆದರೆ ತಾವೆಲ್ಲ ಪುಟ ಮಗುಚಿ ನೇರವಾಗಿ ಅಡುಗೆಯ ಅಂಕಣಕ್ಕೆ ಹೋಗಿಬಿಡುತ್ತೀರಿ ಎಂಬುದು ನಮಗೆ ಚೆನ್ನಾಗಿ ಗೊತ್ತು. ಆದಕಾರಣ ಪ್ರಯೋಗಶಾಲೆಯ ಮಾತನ್ನು ಒಗ್ಗರಣೆಗೆ ಬೇಕಾದಷ್ಟು ಮಾತ್ರ ಹಾಕಿ, ನಮ್ಮೆಲ್ಲರಿಗೂ ಸೇರಿದ ಒಂದು ವಿಷಯವನ್ನು ತಮ್ಮ ಮುಂದಿಡುತ್ತೇವೆ. ಅದು ನಮ್ಮ ಭಾನುವಾರದ ಕನ್ನಡ ಶಾಲೆ. ಅದರಲ್ಲೂ, ಪಾಠ ಹೇಳುವವರಿಗೆ ಪಾಠ ಹೇಳುವವರು ಯಾರು, ಅವರು ಅದನ್ನು ಹೇಗೆ ಹೇಳಬೇಕು ಎಂಬ ಪ್ರಶ್ನೆ.

ಇದನ್ನು ಬರೆಯಲು ನಮಗೆ ಅರ್ಹತೆ ಬಂದದ್ದು ಯಾವ ಪದವಿಯಿಂದಲೂ ಅಲ್ಲ, ನಾವೇ ಮಾಡಿದ ಒಂದು ತಪ್ಪಿನಿಂದ. ಮೊದಲು ಅದನ್ನು ಒಪ್ಪಿಸಿಬಿಡುತ್ತೇವೆ.

ನಾವು ಮಾಡಿದ ತಪ್ಪು

ಮೂರು ವರ್ಷಗಳ ಹಿಂದೆ ಶಾಲೆಯ ಸಂಚಾಲಕಿಯ ಹೊಣೆ ನಮ್ಮ ಹೆಗಲಿಗೆ ಬಂತು. ಅದೇ ವರ್ಷ ಎರಡನೆಯ ಹಂತದ ತರಗತಿಗೆ ಪಾಠ ಮಾಡುತ್ತಿದ್ದವರು ಟೆಕ್ಸಾಸಿಗೆ ವರ್ಗವಾಗಿ ಹೋದರು. ಅಕ್ಷರಮಾಲೆ ಮುಗಿಸಿ ಕಾಗುಣಿತ, ಒತ್ತಕ್ಷರಗಳಿಗೆ ಬಂದಿರುವ ಏಳರಿಂದ ಒಂಬತ್ತು ವರ್ಷದ ಮಕ್ಕಳ ತರಗತಿ ಅದು, ಹನ್ನೊಂದು ಮಕ್ಕಳು. ಶಿವಮೊಗ್ಗದ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರದ ಒಬ್ಬ ತರುಣಿ ತಾವಾಗಿಯೇ ಮುಂದೆ ಬಂದರು. "ಪಾಠ ಮಾಡಿ ಅಭ್ಯಾಸ ಇಲ್ಲ ಅಕ್ಕ, ಕನ್ನಡ ಮಾತ್ರ ಚೆನ್ನಾಗಿ ಬರತ್ತೆ" ಎಂದರು. "ಅಷ್ಟು ಸಾಕು ಬಿಡಿ" ಎಂದು ನಾವು ಪುಸ್ತಕ, ಹಾಜರಿ ಪಟ್ಟಿ, ಬೋರ್ಡಿನ ಮೇಲೆ ಬರೆಯುವ ಎರಡು ಪೆನ್ನು ಮತ್ತು ಕೋಣೆಯ ಬೀಗದ ಕೈಯನ್ನು ಅವರ ಕೈಗಿಟ್ಟೆವು. ಬೇಸಿಗೆಯಲ್ಲಿ ನಮ್ಮ ಪ್ರಯೋಗಶಾಲೆಗೆ ಬರುವ ವಿದ್ಯಾರ್ಥಿಗೆ ಪಿಪೆಟ್ ಹಿಡಿಯುವುದನ್ನು ಕಲಿಸಲು ನಾವು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೆ!

ಮೂರನೆಯ ಭಾನುವಾರ ತರಗತಿ ನೋಡಲು ಹೋದೆವು. ಕೈಯಲ್ಲಿ ಹಿಂದಿನ ರಾತ್ರಿ ನಾವೇ ತಯಾರಿಸಿದ ಒಂದು ನಮೂನೆ. ಧ್ವನಿ, ಬೋರ್ಡಿನ ಬರಹ, ಶಿಸ್ತು, ಮಕ್ಕಳ ಉತ್ಸಾಹ ಎಂದು ಹತ್ತು ಅಂಶಗಳು, ಒಂದೊಂದಕ್ಕೆ ಐದು ಅಂಕ. ಕೊನೆಯ ಬೆಂಚಿನಲ್ಲಿ ಕುಳಿತು ಅಂಕ ಹಾಕುತ್ತಾ ಹೋದೆವು. ಆಕೆ 'ಸೂರ್ಯ' ಎಂದು ಬರೆದಾಗ ಒಬ್ಬ ಹುಡುಗ ಎದ್ದು, "ರ್ ಮೊದಲು ಹೇಳ್ತೀವಿ, ಮತ್ಯಾಕೆ ಆಮೇಲೆ ಬರೀತೀವಿ?" ಎಂದು ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಆಕೆ ಒಂದು ಕ್ಷಣ ತಡವರಿಸಿದರು. ನಾವು ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಹಿಂದಿನಿಂದ ಎದ್ದು ನಿಂತು, ಅರ್ಕಾವತ್ತಿನ ವಿಚಾರವನ್ನು ಐದು ನಿಮಿಷ ವಿವರಿಸಿದೆವು. ಹನ್ನೊಂದು ಕತ್ತುಗಳೂ ನಮ್ಮ ಕಡೆ ತಿರುಗಿದವು. ಮತ್ತೆ ಅವು ಬೋರ್ಡಿನ ಕಡೆಗೆ ಮೊದಲಿನಂತೆ ತಿರುಗಲಿಲ್ಲ.

ತರಗತಿ ಬಿಟ್ಟ ಮೇಲೆ ಹೊರಗಿನ ಹಜಾರದಲ್ಲಿ, ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಯರ ನಡುವೆಯೇ, ನಮೂನೆಯನ್ನು ಆಕೆಯ ಕೈಗೆ ಕೊಟ್ಟೆವು. 50ಕ್ಕೆ 27. "ಮಕ್ಕಳಿಗೆ ಬೇಜಾರಾಗ್ತಿದೆ, ಸ್ವಲ್ಪ ಆಟ ಗೀಟ ಸೇರಿಸಿ" ಎಂದೆವು. "ಆಗಲಿ ಅಕ್ಕ" ಎಂದರು. ಇನ್ನೆರಡು ಭಾನುವಾರ ಬಂದರು. ಮೂರನೆಯ ವಾರ, ಇನ್ನು ಮುಂದೆ ಬರಲಾಗುವುದಿಲ್ಲ, ಕ್ಷಮಿಸಿ ಎಂದು ಫೋನಿಗೆ ಎರಡು ಸಾಲಿನ ಸಂದೇಶ ಬಂತು.

ಬೇರೆ ದಾರಿ ಕಾಣದೆ ಆ ತರಗತಿಯನ್ನು ಮೊದಲ ಹಂತದ ಜೊತೆ ಸೇರಿಸಿದೆವು. ಮತ್ತೆ 'ಅ ಆ ಇ ಈ' ಕೇಳಿ ಬೇಸತ್ತ ಮಕ್ಕಳಲ್ಲಿ ಐವರು ದೀಪಾವಳಿಯ ಹೊತ್ತಿಗೆ ಬರುವುದನ್ನೇ ನಿಲ್ಲಿಸಿದರು. ಅರ್ಕಾವತ್ತಿನ ಪ್ರಶ್ನೆ ಕೇಳಿದ ಹುಡುಗನೂ ಅವರಲ್ಲಿ ಒಬ್ಬ. ಈ ವರ್ಷ ಸಂಕ್ರಾಂತಿಯ ಕೂಟದಲ್ಲಿ ಸಿಕ್ಕಿದ್ದ. ಎಳ್ಳುಬೆಲ್ಲ ತೆಗೆದುಕೊಂಡು ಥ್ಯಾಂಕ್ಯೂ ಆಂಟಿ ಎಂದ. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

ಗೀಸೆನ್ನಿನ ಪ್ರಯೋಗಶಾಲೆ

ಇದರಲ್ಲಿ ನಮ್ಮನ್ನು ಹೆಚ್ಚು ನಾಚಿಸುವ ಸಂಗತಿಯೆಂದರೆ, ಹೊಸಬರನ್ನು ತಯಾರು ಮಾಡುವ ಕಲೆಗೆ ನಮ್ಮ ಶಾಸ್ತ್ರದಲ್ಲೇ ಒಂದು ದೊಡ್ಡ ಪರಂಪರೆ ಇದೆ. ಜರ್ಮನಿಯ ಯೂಸ್ಟಸ್ ಲೀಬಿಗ್ 1824ರಲ್ಲಿ, ಇನ್ನೂ 21 ವರ್ಷದವರಿರುವಾಗ, ಗೀಸೆನ್ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಅವರು ಕಟ್ಟಿದ ಪ್ರಯೋಗಶಾಲೆಗೆ ಯುರೋಪಿನ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬಂದರು. ಅವರ ಕ್ರಮ ಬಹಳ ಸರಳ. ಪ್ರತಿಯೊಬ್ಬ ವಿದ್ಯಾರ್ಥಿಯೂ ಬೆಳಗ್ಗೆ ಬಂದು, ಹಿಂದಿನ ದಿನ ಏನು ಮಾಡಿದೆ, ಅದರ ಬಗ್ಗೆ ತನಗೆ ಏನನ್ನಿಸುತ್ತದೆ ಎಂದು ವರದಿ ಒಪ್ಪಿಸಬೇಕು. ಗುರು ಅದನ್ನು ಒಪ್ಪುವರು ಅಥವಾ ವಿಮರ್ಶಿಸುವರು. ಆದರೆ ದಾರಿಯನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು.

ಇಲ್ಲಿ ಮೊದಲು ಬಾಯಿ ತೆರೆಯುವವನು ಶಿಷ್ಯ ಎಂಬುದನ್ನು ಗಮನಿಸಿ. ಇಂದಿಗೂ ಒಳ್ಳೆಯ ಪ್ರಯೋಗಶಾಲೆಗಳಲ್ಲಿ ನಡೆಯುವುದು ಇದೇ. ಇನ್ನೊಂದು ನಿಯಮವೂ ಇದೆ. ದಿನಚರಿಯ ಪುಸ್ತಕದಲ್ಲಿ ಕಂಡದ್ದು ಬೇರೆ, ಅದರಿಂದ ಊಹಿಸಿದ್ದು ಬೇರೆ. 'ದ್ರಾವಣ ಹಳದಿಗೆ ತಿರುಗಿತು' ಎಂಬುದು ಕಂಡದ್ದು. 'ಕ್ರಿಯೆ ಕೆಟ್ಟುಹೋಯಿತು' ಎಂಬುದು ನಮ್ಮ ಅಭಿಪ್ರಾಯ. ವಾರದಲ್ಲಿ ಐದು ದಿನ ಈ ಭೇದವನ್ನು ಇನ್ನೊಬ್ಬರಿಗೆ ಕಲಿಸುವ ನಾವು, ಭಾನುವಾರದ ದಿನ 'ಮಕ್ಕಳ ಉತ್ಸಾಹ: ಐದಕ್ಕೆ ಎರಡು' ಎಂದು ಬರೆದೆವು. ಎಷ್ಟು ಮಕ್ಕಳು ಮಾತಾಡಿದರು, ಎಷ್ಟು ಹೊತ್ತು, ಯಾವ ಪ್ರಶ್ನೆಗೆ? ಅದೊಂದೂ ನಮ್ಮ ಕಾಗದದಲ್ಲಿ ಇರಲಿಲ್ಲ.

ಮಗನ ಶಾಲೆಯಲ್ಲಿ ಕಂಡದ್ದು

ನಮ್ಮ ಕಣ್ಣು ತೆರೆದದ್ದು ಮರುವರ್ಷ, ಅದೂ ಅನಿರೀಕ್ಷಿತವಾದ ಒಂದು ಕಡೆ.

ನಮ್ಮ ಮಗನಿಗೆ ಆರು ವರ್ಷವಾದಾಗ ಮಾತಿನಲ್ಲಿ ಉಗ್ಗು ಕಾಣಿಸಿಕೊಂಡಿತು. ಈ ದೇಶದಲ್ಲಿ 1975ರ ಒಂದು ಕಾನೂನು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸರಕಾರಿ ಶಾಲೆಯಲ್ಲೇ ಉಚಿತವಾಗಿ ನೆರವು ದೊರೆಯುವಂತೆ ಮಾಡಿದೆ. ಹಾಗಾಗಿ ಶಾಲೆ ಎಂದರೆ ಬರೀ ಮೇಷ್ಟರಲ್ಲ. ಮಾತಿನ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು, ಆಪ್ತಸಲಹೆಗಾರರು, ನರ್ಸ್, ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಕೂರುವ ಸಹಾಯಕರು, ಹೀಗೆ ಒಂದು ದೊಡ್ಡ ಸಂಸಾರವೇ ಅಲ್ಲಿರುತ್ತದೆ. ಇವರೂ ಒಂದು ದಿನ ಹೊಸಬರೇ ತಾನೆ? ಅವರನ್ನು ಪಳಗಿಸಲು ಒಂದೊಂದು ವೃತ್ತಿಗೂ ಒಂದೊಂದು ಕ್ರಮವಿದೆ. ಮಾತಿನ ಚಿಕಿತ್ಸಕರಾಗುವವರು ಎಂ.ಎ. ಮಟ್ಟದ ಓದು ಮುಗಿಸಿದ ಮೇಲೂ, ವೃತ್ತಿಸಂಸ್ಥೆಯ ಪ್ರಮಾಣಪತ್ರ ಬೇಕಾದರೆ, ಪೂರ್ಣಾವಧಿಯಲ್ಲಾದರೆ 36 ವಾರಗಳ ಕಾಲ, ಒಟ್ಟು 1,260 ಗಂಟೆ, ಒಬ್ಬ ಅನುಭವಿಯ ಕಣ್ಣಳತೆಯಲ್ಲಿ ಕೆಲಸ ಮಾಡಬೇಕು. ಆ ಅನುಭವಿ 18 ಗಂಟೆ ಅವರ ಕೆಲಸವನ್ನು ಕಣ್ಣಾರೆ ನೋಡಬೇಕು. ವರದಿ ಓದುವುದು, ಚರ್ಚಿಸುವುದು ಮುಂತಾದ ಬೇರೆ ಬಗೆಯ ಮೇಲ್ವಿಚಾರಣೆ ಇನ್ನೂ 18 ಸಲ ಆಗಬೇಕು. ಶಾಲಾ ಮನಶ್ಶಾಸ್ತ್ರಜ್ಞರಿಗೂ ಹೀಗೆಯೇ 1,200 ಗಂಟೆಗಳ ಉಮೇದುವಾರಿ ಉಂಟು. ಅದರಲ್ಲಿ 600 ಗಂಟೆಯಾದರೂ ಶಾಲೆಯೊಳಗೇ ಕಳೆಯಬೇಕು.

ನಮ್ಮ ಮಗನ ಪಾಲಿಗೆ ಬಂದವರು ಆಗಷ್ಟೇ ಓದು ಮುಗಿಸಿದ್ದ ಒಬ್ಬ ಹುಡುಗಿ. ಬಹಳ ಒಳ್ಳೆಯವಳು. ಆದರೆ ಮೊದಲ ಭೇಟಿಯಲ್ಲೇ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತಿರಬಹುದು, ಸ್ವಲ್ಪ ಕಾಲ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿನೋಡಿ ಎಂದಳು.

ಆ ಎರಡು ವಾರ ನಮ್ಮ ಮನೆ ಹೇಗಿತ್ತೆಂದು ಹೇಳಲಾರೆವು. ಮಂಡ್ಯದಿಂದ ಅಜ್ಜಿ ಫೋನಿನ ಪರದೆಯ ಮೇಲೆ "ಊಟ ಆಯ್ತಾ ಕಂದಾ?" ಎಂದರೆ ಮಗು ನಮ್ಮ ಮುಖ ನೋಡುತ್ತಿತ್ತು. ಉತ್ತರ ಕೊಡಬಹುದೋ ಇಲ್ಲವೋ ಎಂದು ಅದಕ್ಕೆ ಅನುಮಾನ. ನಮ್ಮ ಮನೆಯವರು ಸಿಟ್ಟು ಬಂದರೂ ಇಂಗ್ಲಿಷಿನಲ್ಲೇ ಸಿಟ್ಟಾಗಬೇಕಾಗಿ ಬಂದು, ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದರು.

ಮೂರನೆಯ ವಾರ ಚಿಕಿತ್ಸೆಯ ಅವಧಿಯನ್ನು ನೋಡಲು ನಮ್ಮನ್ನೂ ಕರೆದಿದ್ದರು. ಮೂಲೆಯ ಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಕುಳಿತಿದ್ದರು. ಆಕೆಯೇ ಮಾರ್ಗದರ್ಶಿ. ಅರ್ಧ ಗಂಟೆ ಒಂದೇ ಒಂದು ಮಾತಾಡಲಿಲ್ಲ. ಹುಡುಗಿ ಒಂದು ಕಡೆ ತಡವರಿಸಿದಳು. ಮೂಲೆಯ ಕುರ್ಚಿ ಅಲುಗಾಡಲಿಲ್ಲ. ಹುಡುಗಿಯೇ ಸುಧಾರಿಸಿಕೊಂಡು ಮುಂದುವರಿದಳು. ನಮಗೆ ನಮ್ಮ ಕೊನೆಯ ಬೆಂಚು ನೆನಪಾಯಿತು.

ನಾಲ್ಕು ದಿನದ ಮೇಲೆ ಆ ಹುಡುಗಿಯೇ ಫೋನು ಮಾಡಿದಳು. ಅವಳು ಹೇಳಿದ್ದರ ಸಾರಾಂಶ ಇಷ್ಟು: "ನಾನು ನಿಮಗೆ ಹೇಳಿದ ಸಲಹೆಗೆ ಆಧಾರ ಏನು ಎಂದು ನಮ್ಮ ಮಾರ್ಗದರ್ಶಿ ಕೇಳಿದರು. ಹುಡುಕಿ ನೋಡಿದೆ. ಆಧಾರ ಸಿಗಲಿಲ್ಲ. ಎರಡು ಭಾಷೆ ಕಲಿಯುವುದರಿಂದ ಉಗ್ಗು ಬರುತ್ತದೆ ಎನ್ನಲು ಪುರಾವೆ ಇಲ್ಲ, ಮನೆಮಾತನ್ನು ಬಿಡಬೇಕಾಗಿಯೂ ಇಲ್ಲ. ತಪ್ಪು ನನ್ನದು. ದಯವಿಟ್ಟು ನಿಮ್ಮ ಭಾಷೆಯಲ್ಲೇ ಮಾತಾಡಿ."

ಓದುಗರೇ, ಆ ಸಂಜೆ ನಮ್ಮ ಮನೆಗೆ ಕನ್ನಡ ವಾಪಸು ಬಂತು. ಮಾರ್ಗದರ್ಶಿ ನಮ್ಮೆದುರಿಗೇ ಆ ಹುಡುಗಿಯನ್ನು ತಿದ್ದಬಹುದಿತ್ತು. ನಮಗೆ ಫಲ ಎರಡು ವಾರ ಮೊದಲೇ ಅಲ್ಲದಿದ್ದರೂ ನಾಲ್ಕು ದಿನ ಮೊದಲು ಸಿಗುತ್ತಿತ್ತು. ಆದರೆ ಆ ಹುಡುಗಿಯ ಮೇಲೆ ನಮಗಿದ್ದ ನಂಬಿಕೆ ಅಲ್ಲೇ ಮುರಿಯುತ್ತಿತ್ತು. ಅವಳಿಗೆ ತನ್ನ ಮೇಲಿದ್ದ ನಂಬಿಕೆಯೂ ಅಷ್ಟೆ. ಒಂದೇ ಒಂದು ಪ್ರಶ್ನೆಯಿಂದ ಆಕೆ ನಮ್ಮ ಮನೆಯ ಭಾಷೆಯನ್ನೂ ಉಳಿಸಿದರು, ಒಬ್ಬ ಚಿಕಿತ್ಸಕಿಯನ್ನೂ ಉಳಿಸಿದರು. ತಪ್ಪನ್ನು ತಾನಾಗಿ ಫೋನು ಮಾಡಿ ಒಪ್ಪಿಕೊಳ್ಳುವ ಧೈರ್ಯ ಆ ವಯಸ್ಸಿನಲ್ಲಿ ನಮಗಂತೂ ಇರಲಿಲ್ಲ.

ರಿಜಿಸ್ಟರು ಮತ್ತು ಹುಣಸೆಬೀಜ

ಈ ಕತೆಯನ್ನು ನಮ್ಮ ತಾಯಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ಮಂಡ್ಯ ಜಿಲ್ಲೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದವರು ಅವರು. ಶಿಕ್ಷಣಾಧಿಕಾರಿಗಳ ತಪಾಸಣೆಯ ದಿನ ನಮಗೂ ಚೆನ್ನಾಗಿ ನೆನಪಿದೆ. ಹಿಂದಿನ ಸಂಜೆಯೇ ಅಂಗಳಕ್ಕೆ ಸಗಣಿ ನೀರು, ಬಾಗಿಲಿಗೆ ಮಾವಿನ ಸೊಪ್ಪು, ಚುರುಕಾದ ಹುಡುಗರೆಲ್ಲ ಮುಂದಿನ ಸಾಲಿಗೆ. ಸಾಹೇಬರು ಬಂದು ಹಾಜರಿ ಪುಸ್ತಕ, ಪಾಠ ಟಿಪ್ಪಣಿ ನೋಡಿ, ಕೆಂಪು ಶಾಯಿಯಲ್ಲಿ ಒಂದು ಸಾಲು ಗೀಚಿ, ಎಳನೀರು ಕುಡಿದು ಹೊರಡುತ್ತಿದ್ದರು.

1990ರ ದಶಕದ ನಡುವಿನಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಅದು ಮೊದಲು ಆರಂಭವಾದ ನಾಲ್ಕು ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು. ಅದರ ಜೊತೆಗೆ ಬಂದವರು 'ಸಮೂಹ ಸಂಪನ್ಮೂಲ ವ್ಯಕ್ತಿ', ಅಂದರೆ ಸಿ.ಆರ್.ಪಿ. ಅವರು ಅಧಿಕಾರಿಯಲ್ಲ, ಸುತ್ತಲಿನ ಶಾಲೆಗಳಿಗೆ ಓಡಾಡಿ ಜೊತೆಯ ಮೇಷ್ಟರಿಗೆ ನೆರವಾಗಬೇಕಾದ ಒಬ್ಬ ಅನುಭವಿ ಮೇಷ್ಟರು. ತಿಂಗಳಿಗೊಮ್ಮೆ ಸಮೂಹದ ಎಲ್ಲ ಮೇಷ್ಟರೂ ಕಲೆತು ನಡೆಸುವ ಸಮಾಲೋಚನಾ ಸಭೆಯೂ ಆರಂಭವಾಯಿತು. ನಮ್ಮ ತಾಯಿಯ ಶಾಲೆಗೆ ಟಿ.ವಿ.ಎಸ್. ಮೊಪೆಡ್ಡಿನಲ್ಲಿ ಬರುತ್ತಿದ್ದ ಸಿ.ಆರ್.ಪಿ. ಮೇಷ್ಟರು ಒಂದು ದಿನ ಕಳೆಯುವ ಲೆಕ್ಕದ ಪಾಠ ನೋಡಿದರು. ದಶಕ ಎರವಲು ಪಡೆಯುವ ಕಡೆ ಮಕ್ಕಳು ಮುಗ್ಗರಿಸುತ್ತಿದ್ದರು. ಅವರು ಏನೂ ಹೇಳದೆ, "ನಾಳೆ ನಾನೊಂದು ಪಾಠ ಮಾಡ್ತೀನಿ, ನೀವು ನೋಡಿ ಮೇಡಂ, ತಪ್ಪಿದ್ರೆ ಹೇಳಿ" ಎಂದರಂತೆ. ಮರುದಿನ ಜೇಬಿನ ತುಂಬ ಹುಣಸೆಬೀಜ ತಂದು, ಹತ್ತತ್ತು ಬೀಜಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಬೇಕಾದಾಗ ಒಂದು ಪೊಟ್ಟಣ ಬಿಚ್ಚುವುದನ್ನು ತೋರಿಸಿದರು. ಅದೇ ಎರವಲು! ನಮ್ಮ ತಾಯಿ ನಿವೃತ್ತರಾಗುವವರೆಗೂ ಆ ಪಾಠವನ್ನು ಹಾಗೆಯೇ ಮಾಡಿದರು.

"ಸಾಹೇಬ್ರು ಬಂದ್ರೆ ರಿಜಿಸ್ಟ್ರು ತೆಗೀತಿದ್ವಿ, ಸಿ.ಆರ್.ಪಿ. ಮೇಷ್ಟ್ರು ಬಂದ್ರೆ ಹುಣಸೆಬೀಜ ತೆಗೀತಿದ್ವಿ. ನೀನು ಆ ಹುಡುಗಿ ಹತ್ರ ರಿಜಿಸ್ಟ್ರು ತೆಗೆಸ್ದೆ" ಎಂದರು ನಮ್ಮ ತಾಯಿ. ನಮ್ಮ ಪಿಎಚ್.ಡಿ. ಪ್ರಬಂಧದ ಪರೀಕ್ಷಕರೂ ಇಷ್ಟು ಚುಟುಕಾಗಿ ತೀರ್ಪು ಕೊಟ್ಟಿರಲಿಲ್ಲ. ಆದರೆ ಬರಬರುತ್ತಾ ಆ ಸಿ.ಆರ್.ಪಿ.ಗಳ ಮೇಲೂ ಅಂಕಿಅಂಶ ಸಂಗ್ರಹಿಸುವ ಕೆಲಸ ಹೇರಿ, ಅವರ ಕೈಗೂ ರಿಜಿಸ್ಟರು ಬಂತೆಂದು ಅವರಿಗೆ ಬೇಸರವಿದೆ.

ಮೇಷ್ಟರಿಂದ ಮೇಷ್ಟರೇ ಕಲಿತು ಏನು ಸಾಧಿಸಬಹುದು ಎಂಬುದಕ್ಕೆ ನಮ್ಮ ನಾಡಿನ 'ನಲಿ-ಕಲಿ'ಯೇ ಸಾಕ್ಷಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರಕಾರಿ ಶಾಲಾ ಮೇಷ್ಟರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಯುನಿಸೆಫ್ ನೆರವಿನಿಂದ ತಾವೇ ಕುಳಿತು ಕನ್ನಡದ ಕಾರ್ಡುಗಳನ್ನು ತಯಾರಿಸಿದರು. 2009ರ ಹೊತ್ತಿಗೆ ಆ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು.

ಹಾಗೆಂದು ತಪಾಸಣೆಗೆ ಬರುವವರೆಲ್ಲ ಕೆಂಪು ಶಾಯಿಯವರು ಎನ್ನುವುದು ಅನ್ಯಾಯವಾದೀತು. ಡೆಪ್ಯುಟಿ ಚನ್ನಬಸಪ್ಪನವರನ್ನು (1834-1881) ನೆನೆಯೋಣ. ಧಾರವಾಡದಲ್ಲಿ ಹುಟ್ಟಿದ ಅವರು ಮೊದಲು ಅಲ್ಲಿಯ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದು, ಅನಂತರ ಡೆಪ್ಯುಟಿ ಎಜುಕೇಷನಲ್ ಇನ್ಸ್‌ಪೆಕ್ಟರ್ ಆದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಕನ್ನಡ ಸೀಮೆಯಲ್ಲಿ ಮರಾಠಿ ಶಾಲೆಗಳದ್ದೇ ಪ್ರಾಬಲ್ಯವಿದ್ದ ಕಾಲದಲ್ಲಿ ಅವರು ಕನ್ನಡ ಶಾಲೆಗಳು ತೆರೆಯಲು ದುಡಿದರು. 'ಮಠಪತ್ರಿಕೆ'ಯ ಜೊತೆಗೂ ಅವರ ಹೆಸರು ಸೇರಿದೆ. 'ಮಠ' ಎಂದರೆ ಆ ಕಾಲದ ಮಾತಿನಲ್ಲಿ ಶಾಲೆ. ಮೇಷ್ಟರನ್ನು ಪರೀಕ್ಷಿಸುವ ಅಧಿಕಾರ ಕೈಯಲ್ಲಿದ್ದೂ ಮೇಷ್ಟರನ್ನು ಬೆಳೆಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ನೋಡುವವರು ಬೇರೆ, ತೂಗುವವರು ಬೇರೆ

ಈ ವಿಷಯದಲ್ಲಿ ಅಮೆರಿಕದವರೂ ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಹಾರ್ವರ್ಡಿನಲ್ಲಿ ಹೊಸ ಮೇಷ್ಟರನ್ನು ತಯಾರು ಮಾಡುತ್ತಿದ್ದ ಮೋರಿಸ್ ಕೋಗನ್ ಮತ್ತು ಅವರ ಸಂಗಡಿಗರು, ಹೊರಗಿನಿಂದ ಬಂದು ಪಾಠ ನೋಡಿ ಸಲಹೆ ಕೊಟ್ಟು ಹೋಗುವುದರಿಂದ ಏನೂ ಪ್ರಯೋಜನವಾಗುತ್ತಿಲ್ಲ ಎಂಬುದನ್ನು ಮನಗಂಡು ಬೇರೊಂದು ಕ್ರಮವನ್ನು ರೂಪಿಸಿದರು. ರಾಬರ್ಟ್ ಗೋಲ್ಡ್‌ಹ್ಯಾಮರ್ 1969ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದಕ್ಕೆ ಐದು ಹಂತ ಹೇಳಿದರು: ಪಾಠಕ್ಕೆ ಮುಂಚೆ ಮೇಷ್ಟರೊಡನೆ ಮಾತುಕತೆ, ಪಾಠ ನೋಡುವುದು, ನೋಡಿದ್ದನ್ನು ಏಕಾಂತದಲ್ಲಿ ಕುಳಿತು ವಿಂಗಡಿಸುವುದು, ಮತ್ತೆ ಮೇಷ್ಟರೊಡನೆ ಮಾತುಕತೆ, ಕೊನೆಗೆ, ತಾನು ನಡೆಸಿದ ಮಾತುಕತೆಯನ್ನೇ ತಾನು ಪರೀಕ್ಷಿಸಿಕೊಳ್ಳುವುದು. ಈ ಐದನೆಯದು ನಮಗೆ ಬಹಳ ಹಿಡಿಸಿತು.

ನಾವಿರುವ ನ್ಯೂಜೆರ್ಸಿಯಲ್ಲಿ ಹೊಸದಾಗಿ ಸರಕಾರಿ ಶಾಲೆಗೆ ಸೇರಿದ ಮೇಷ್ಟರಿಗೆ ಮೊದಲ ವರ್ಷ ಕನಿಷ್ಠ 30 ವಾರ ಒಬ್ಬ ಅನುಭವಿ ಮೇಷ್ಟರು ಜೊತೆಯಾಗಿ ಇರಬೇಕು ಎಂಬ ನಿಯಮವಿದೆ. ಆ ನಿಯಮದಲ್ಲೇ ಇನ್ನೊಂದು ಮಾತೂ ಇದೆ. ಹಾಗೆ ಜೊತೆಯಾಗುವವರು ಆ ಹೊಸಬರ ಮೇಲಧಿಕಾರಿಯಾಗಿರಬಾರದು, ಅವರ ಕೆಲಸಕ್ಕೆ ಅಂಕ ಹಾಕುವವರೂ ಆಗಿರಬಾರದು. ಕೈ ಹಿಡಿದು ನಡೆಸುವವರು ಒಬ್ಬರು, ತಕ್ಕಡಿ ಹಿಡಿಯುವವರು ಇನ್ನೊಬ್ಬರು. ತಕ್ಕಡಿಯೂ ಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡೂ ಒಂದೇ ಕೈಯಲ್ಲಿದ್ದರೆ ಹೊಸಬರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂಕ ಕಡಿಮೆ ಮಾಡುವವರ ಮುಂದೆ ಯಾರಾದರೂ "ನನಗೆ ಇದು ಬರುವುದಿಲ್ಲ" ಎನ್ನುತ್ತಾರೆಯೇ?

ಈಗ ನಾವು ಮಾಡುತ್ತಿರುವುದು

ಇದನ್ನೆಲ್ಲ ಕಲಸಿ, ನಮ್ಮ ಪುಟ್ಟ ಶಾಲೆಗೆ ಹೊಂದುವಂತೆ ಎರಡು ವರ್ಷದಿಂದ ಒಂದು ಕ್ರಮ ಇಟ್ಟುಕೊಂಡಿದ್ದೇವೆ.

ಮೊದಲನೆಯದಾಗಿ, ಸಂಚಾಲಕಿಯಾದ ನಾವು ತರಗತಿ ನೋಡಲು ಹೋಗುವುದಿಲ್ಲ. ಪ್ರತಿಯೊಬ್ಬ ಹೊಸ ಶಿಕ್ಷಕರಿಗೂ ಇನ್ನೊಬ್ಬ ಹಳೆಯ ಶಿಕ್ಷಕರು ಜೊತೆ. ಎರಡನೆಯದಾಗಿ, ನೋಡಲು ಹೋಗುವವರು "ನಾನು ಏನನ್ನು ನೋಡಲಿ?" ಎಂದು ಮೊದಲೇ ಕೇಳಬೇಕು. ಮೂರನೆಯದಾಗಿ, ಕಾಗದಕ್ಕೆ ನಡುವೆ ಒಂದು ಗೆರೆ. ಎಡಗಡೆ ಕಂಡದ್ದು, ಕೇಳಿದ್ದು ಮಾತ್ರ. ಬಲಗಡೆ ಖಾಲಿ, ಅದನ್ನು ತುಂಬುವವರು ಪಾಠ ಮಾಡಿದವರೇ. ನಾಲ್ಕನೆಯದಾಗಿ, ಮಾತುಕತೆ ಎರಡು ದಿನದೊಳಗೆ, ಕಾಫಿಯ ಜೊತೆ, ಪೋಷಕರಿಲ್ಲದ ಕಡೆ. ಲೀಬಿಗ್ ಕ್ರಮದಂತೆ ಮೊದಲ ಮಾತು ಹೊಸಬರದು. ಕಾಗದವೂ ಅವರಿಗೇ ಸೇರಿದ್ದು. ಐದನೆಯದಾಗಿ, ಮುಂದಿನ ವಾರ ಹೊಸಬರು ಹಳಬರ ತರಗತಿಯನ್ನು ನೋಡಬೇಕು. ಮಗುವಿನ ಸುರಕ್ಷತೆಗೆ ಸಂಬಂಧಿಸಿದ್ದಾದರೆ ಮಾತ್ರ ಈ ಗುಟ್ಟು, ಕಾಫಿ ಯಾವುದೂ ಇಲ್ಲ. ಆ ಕ್ಷಣವೇ ಹೇಳಬೇಕಾದವರಿಗೆ ಹೇಳಬೇಕು.

ಒಂದು ಉದಾಹರಣೆ. ಇಲ್ಲಿಯೇ ಹುಟ್ಟಿ ಬೆಳೆದ, ಈಗ ಕಾಲೇಜಿನಲ್ಲಿರುವ ಒಬ್ಬ ಹುಡುಗಿ ಕಳೆದ ವರ್ಷ ಚಿಕ್ಕಮಕ್ಕಳಿಗೆ ಪಾಠ ಮಾಡಲು ಬಂದಳು. "ನಾನು ಪಾಠದಲ್ಲಿ ಎಷ್ಟು ಇಂಗ್ಲಿಷ್ ಮಾತಾಡ್ತೀನಿ ಅಂತ ನೋಡಿ ಆಂಟಿ" ಎಂದು ಅವಳೇ ಕೇಳಿಕೊಂಡಳು. ಜೊತೆಯ ಶಿಕ್ಷಕಿ ಗೆರೆ ಎಳೆದು ಎಣಿಸಿದರು. ನಲವತ್ತು ನಿಮಿಷದಲ್ಲಿ 31 ವಾಕ್ಯ. ಬಲಗಡೆ ಹುಡುಗಿ ಬರೆದದ್ದು: "ಮಕ್ಕಳು ಗಲಾಟೆ ಮಾಡಿದಾಗ ಇಂಗ್ಲಿಷ್ ಬರುತ್ತದೆ. ಬೈಯಲು ನನಗೆ ಕನ್ನಡ ಗೊತ್ತಿಲ್ಲ." ಜೊತೆಯಾಕೆ ಬಿದ್ದು ಬಿದ್ದು ನಕ್ಕು, ಮಕ್ಕಳನ್ನು ಗದರಿಸಲು ಮನೆಮನೆಗಳಲ್ಲಿ ಆಡುವ ಹತ್ತು ಮಾತುಗಳನ್ನು ಬರೆದುಕೊಟ್ಟರು: "ಕೈ ಕಟ್ಟಿ ಕೂತ್ಕೋ", "ಗಲಾಟೆ ಸಾಕು", "ಒಬ್ಬೊಬ್ಬರಾಗಿ ಹೇಳಿ". ಮೂರು ವಾರದ ಮೇಲೆ ಎಣಿಸಿದರೆ 12. ಇದರಿಂದ ಮಕ್ಕಳ ಕನ್ನಡ ಸುಧಾರಿಸಿತೆಂದು ನಾವು ಹೇಳುವುದಿಲ್ಲ. ಒಂದು ಪ್ರಯೋಗದಿಂದ ಅಷ್ಟೆಲ್ಲ ಹೇಳಲು ಬರುವುದಿಲ್ಲ. ಆದರೆ ಆ ಹುಡುಗಿ ಈ ವರ್ಷವೂ ಬರುತ್ತಿದ್ದಾಳೆ. ನಮಗೆ ಸದ್ಯಕ್ಕೆ ಅಷ್ಟು ಸಾಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಪಾಠ ಮಾಡುವಾಗ ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಅಲ್ಲಿಗೆ ಕನ್ನಡಿ ಬೇಕು. ಕನ್ನಡಿ ಹಿಡಿಯುವವರು ಕನ್ನಡಿಯಂತೆ ತೋರಿಸಬೇಕೇ ಹೊರತು, ತಾವೇ ಮಾತಾಡಲು ಶುರು ಮಾಡಬಾರದು.

ಕೊನೆಯದಾಗಿ, ಆ ಶಿವಮೊಗ್ಗದ ತರುಣಿ. ಕಳೆದ ಯುಗಾದಿಗೆ ಹೋಳಿಗೆ ತೆಗೆದುಕೊಂಡು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಶನಿವಾರಗಳಂದು ರಾತ್ರಿ ಒಂದು ಗಂಟೆಯವರೆಗೆ ಕುಳಿತು ಚಿತ್ರ ಬರೆದು ಪಾಠ ತಯಾರಿಸುತ್ತಿದ್ದರಂತೆ. ಆ ನಮೂನೆಯ ಹತ್ತು ಅಂಶಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. "ನೀವು ಬಂದು ಕೂತಿದ್ದು ಬೇಜಾರಾಗ್ಲಿಲ್ಲ ಅಕ್ಕ. ಹೋಗೋವಾಗ ನನ್ನನ್ನ ಏನೂ ಕೇಳ್ದೆ ಹೋದ್ರಲ್ಲ, ಅದು ಬೇಜಾರಾಯ್ತು" ಎಂದರು. ಈಗ ಅವರಿಗೆ ಕೈಗೂಸು. ಮತ್ತೆ ಪಾಠಕ್ಕೆ ಬರುವ ಮಾತಾಡಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ಮತ್ತೆ ತೆರೆಯುವಾಗ ಎರಡನೆಯ ಹಂತಕ್ಕೆ ಶಿಕ್ಷಕರು ಬೇಕಾಗಿದ್ದಾರೆ. ಪಾಠ ಮಾಡಿ ಅಭ್ಯಾಸವಿಲ್ಲದವರೂ ಬರಬಹುದು. ಈ ಸಲ ಬೀಗದ ಕೈಯ ಜೊತೆಗೆ ಒಬ್ಬ ಜೊತೆಗಾರರನ್ನೂ ಕೊಡುತ್ತೇವೆ. ಊರಿನಿಂದ ಬಂದು ಆರು ತಿಂಗಳು ಇರುವ ತಂದೆತಾಯಿಯರಲ್ಲಿ ನಿವೃತ್ತ ಮೇಷ್ಟರಿದ್ದರೆ ದಯವಿಟ್ಟು ಕಳಿಸಿಕೊಡಿ. ಅವರು ಪಾಠವನ್ನೇ ಮಾಡಬೇಕೆಂದಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತು ಸುಮ್ಮನೆ ನೋಡಿದರೆ ಸಾಕು. ಹೋಗುವಾಗ ಮಾತ್ರ ಒಂದು ಪ್ರಶ್ನೆ ಕೇಳಿ ಹೋಗಲಿ: "ಇವತ್ತು ನಿಮಗೆ ಹೇಗನ್ನಿಸಿತು?"